ಕರ್ಪೂರ ಮೂಸಿದರೆ ಹಿಮಾಲಯದಲ್ಲಿ ಆಕ್ಸಿಜನ್ ಹೆಚ್ಚುತ್ತದೆಯೇ?

ಕಳೆದ ವರ್ಷ ನಾನು ಹಂಪ್ಟಾ ಪಾಸ್ ಟ್ರೆಕ್‌ಗೆ ಹೊರಟಾಗ, ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಕರ್ಪೂರ, ಲವಂಗ, ಓಮಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಆಗಾಗ ಮೂಸುತ್ತಿದ್ದರೆ ರಕ್ತದಲ್ಲಿ ಆಕ್ಸಿಜನ್ ಏರುತ್ತದೆ ಎಂಬುದು ಅದರ ಸಾರ. "ಪುಟ್ಟಿ, ಮರೀದೆ ತಗೊಂಡು ಹೋಗು" ಎಂದು ಮರುದಿನ ಗಂಟನ್ನೂ ಕಟ್ಟಿ ಕಳಿಸಿದರು. ನಾನು ಬ್ಯಾಗಿಗೆ ಹಾಕಿಕೊಂಡೆ.

ಈ ಸಂದೇಶ ನಿಮಗೂ ಬಂದಿರಬಹುದು. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಗದೆ ಜನ ಒದ್ದಾಡುತ್ತಿದ್ದಾಗ ಇದು ದೇಶವೆಲ್ಲ ಸುತ್ತಿತ್ತು. ಲಡಾಖ್‌ಗೆ ಹೋಗುವ ಪ್ರವಾಸಿಗರಿಗೂ ಇದನ್ನೇ ಕೊಡುತ್ತಾರೆ ಎಂಬ ಮಾತು ಅದರಲ್ಲೇ ಇತ್ತು. ಕೋವಿಡ್ ಹಿಂದೆ ಸರಿಯಿತು, ಗಂಟು ಮಾತ್ರ ಬೆಟ್ಟ ಹತ್ತುವವರ ಬ್ಯಾಗಿನಲ್ಲಿ ಉಳಿದುಕೊಂಡಿತು.

ನೇರ ಉತ್ತರ: ಕರ್ಪೂರ ರಕ್ತದ ಆಕ್ಸಿಜನ್ ಹೆಚ್ಚಿಸುವುದಿಲ್ಲ. ಅದು ಪರಿಮಳದ ಗಂಟಾಗಿಯೇ ಉಳಿದರೆ ತೊಂದರೆಯಿಲ್ಲ. ಅದನ್ನು ನಂಬಿ ತಲೆನೋವನ್ನು ಕಡೆಗಣಿಸಿ ಮೇಲಕ್ಕೆ ನಡೆದರೆ ಜೀವಕ್ಕೇ ಕುತ್ತು. ಯಾಕೆ ಎಂದು ನೋಡೋಣ.

ಹಂಪ್ಟಾ ಪಾಸ್ ಎಷ್ಟು ಎತ್ತರ?

ಪಾಸ್ ಎಂದರೆ ಎರಡು ಕಣಿವೆಗಳ ನಡುವಿನ ಬೆಟ್ಟಸಾಲನ್ನು ದಾಟಲು ಸಿಗುವ ತಗ್ಗಿನ ಜಾಗ. ಹಿಮಾಚಲ ಪ್ರದೇಶದ ಹಂಪ್ಟಾ ಪಾಸ್‌ನ ಒಂದು ಕಡೆ ಹಸಿರು ತುಂಬಿದ ಕುಲ್ಲು ಕಣಿವೆ, ಇನ್ನೊಂದು ಕಡೆ ಮಳೆ ಕಡಿಮೆಯಾದ, ಬೋಳು ಬೆಟ್ಟಗಳ ಲಾಹೌಲ್. ನಾಲ್ಕೈದು ದಿನಗಳಲ್ಲಿ ಮುಗಿಯುವ ಟ್ರೆಕ್ ಆದ್ದರಿಂದ ಬೆಂಗಳೂರಿನಿಂದ ಮೊದಲ ಬಾರಿಗೆ ಹಿಮಾಲಯಕ್ಕೆ ಹೋಗುವ ಅನೇಕರು ಇದನ್ನೇ ಆರಿಸಿಕೊಳ್ಳುತ್ತಾರೆ.

ಎತ್ತರದ ಲೆಕ್ಕ ಸುಮಾರಾಗಿ ಹೀಗಿದೆ. ಮನಾಲಿ 2,050 ಮೀಟರ್. ಅಂದರೆ ಬಸ್ಸಿಳಿದ ಜಾಗವೇ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗಿಂತ (1,930 ಮೀಟರ್) ಮೇಲಿದೆ! ಅಲ್ಲಿಂದ ಜೀಪಿನಲ್ಲಿ ಜೋಬ್ರಾ ತಲುಪಿದರೆ 3,000 ಮೀಟರ್. ಸ್ವಲ್ಪ ನಡೆದು ಚೀಕಾದಲ್ಲಿ ಮೊದಲ ರಾತ್ರಿ, 3,100 ಮೀಟರ್. ಎರಡನೇ ರಾತ್ರಿ ಬಾಲು ಕಾ ಘೇರಾದಲ್ಲಿ, 3,600 ಮೀಟರ್. ಮೂರನೇ ದಿನ 4,270 ಮೀಟರ್ ಎತ್ತರದ ಪಾಸ್ ದಾಟಿ, ಆಚೆ ಬದಿಯ ಶಿಯಾ ಗೋರುವಿನಲ್ಲಿ 3,900 ಮೀಟರ್‌ನಲ್ಲಿ ಮಲಗಬೇಕು. ನಾಲ್ಕನೇ ದಿನ 3,300 ಮೀಟರ್‌ನ ಛತ್ರುವಿಗೆ ಇಳಿಯುತ್ತೇವೆ.

ಬೆಂಗಳೂರು ಇರುವುದು ಸುಮಾರು 920 ಮೀಟರ್‌ನಲ್ಲಿ. ಅಲ್ಲಿ ಬೆಳೆದ ದೇಹಕ್ಕೆ ಕೆಲವೇ ದಿನಗಳಲ್ಲಿ ಇಷ್ಟು ಎತ್ತರ ಹೊಸದು.

ಮೇಲೆ ಹೋದಂತೆ ಆಕ್ಸಿಜನ್ ಕಡಿಮೆಯಾಗುವುದು ಯಾಕೆ?

"ಅಲ್ಲಿ ಮರಗಳಿಲ್ಲ, ಅದಕ್ಕೇ ಆಕ್ಸಿಜನ್ ಇಲ್ಲ" ಎಂಬ ಇನ್ನೊಂದು ಫಾರ್ವರ್ಡ್ ಇದೆ. ಇದೂ ತಪ್ಪು. ಮಂಗಳೂರಿನ ಕಡಲ ದಡದಲ್ಲಾಗಲಿ, ಎವರೆಸ್ಟ್ ತುದಿಯಲ್ಲಾಗಲಿ, ಗಾಳಿಯಲ್ಲಿ ಆಕ್ಸಿಜನ್ ಪಾಲು ಸುಮಾರು ಶೇ 21ರಷ್ಟೇ. ಬದಲಾಗುವುದು ಗಾಳಿಯ ಒತ್ತಡ.

ಒಂದರ ಮೇಲೊಂದು ಪೇರಿಸಿಟ್ಟ ಹತ್ತಿ ಹಾಸಿಗೆಗಳನ್ನು ನೆನೆಸಿಕೊಳ್ಳಿ. ಕೆಳಗಿನ ಹಾಸಿಗೆ ಮೇಲಿನವುಗಳ ಭಾರಕ್ಕೆ ಅಮುಕಿ ಗಟ್ಟಿಯಾಗಿರುತ್ತದೆ, ಮೇಲಿನದು ಸಡಿಲವಾಗಿರುತ್ತದೆ. ಗಾಳಿಯೂ ಹಾಗೆಯೇ. ಮೇಲೆ ಹೋದಂತೆ ಸಡಿಲವಾಗುತ್ತದೆ, ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕಣಗಳು ಕಡಿಮೆಯಾಗುತ್ತವೆ. ಕಡಲ ಮಟ್ಟಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ 90, ಹಂಪ್ಟಾ ಪಾಸ್ ಮೇಲೆ ಸುಮಾರು ಶೇ 60. ಲೆಕ್ಕ ಹಾಕಿದರೆ, ಬೆಂಗಳೂರಿನಲ್ಲಿ ಎರಡು ಉಸಿರಿಗೆ ಸಿಗುವಷ್ಟು ಆಕ್ಸಿಜನ್‌ಗೆ ಅಲ್ಲಿ ಮೂರು ಉಸಿರು ಬೇಕು.

ಒತ್ತಡವೇ ಮುಖ್ಯ ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಎತ್ತರದಲ್ಲಿ ಕಾಯಿಲೆಬಿದ್ದವರನ್ನು ಮಲಗಿಸಲು ಗಾಳಿ ತುಂಬುವ ಚೀಲವೊಂದು ಬಳಕೆಯಲ್ಲಿದೆ. ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಹಾಕಿ, ಕಾಲಿನಿಂದ ಒತ್ತುವ ಪಂಪಿನಲ್ಲಿ ಅಲ್ಲಿನ ಗಾಳಿಯನ್ನೇ ತುಂಬುತ್ತಾರೆ. ಬೇರೆ ಆಕ್ಸಿಜನ್ ಬೇಡ. ಒಳಗಿನ ಒತ್ತಡ ಏರಿದರೆ ಸಾಕು, ಸಾವಿರ ಮೀಟರಿಗೂ ಹೆಚ್ಚು ಕೆಳಗಿಳಿದಷ್ಟೇ ಗುಣ ಸಿಗುತ್ತದೆ. ಚೀಲದಿಂದ ಹೊರಬಂದ ಮೇಲೆ ಮತ್ತೆ ಅದೇ ತೆಳು ಗಾಳಿ. ಹಾಗಾಗಿ ಕೆಳಗಿಳಿಸುವವರೆಗೆ ಸಮಯ ಗಳಿಸಲು ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಕರ್ಪೂರ ಮೂಸಿದಾಗ ಹಾಯೆನಿಸುವುದು ಸುಳ್ಳೇ?

ಹಾಯೆನಿಸುವುದು ನಿಜ. ನನಗೂ ಅನಿಸಿತು. ಬಾಲು ಕಾ ಘೇರಾದಲ್ಲಿ ಸಂಜೆ ತಲೆನೋವು ಶುರುವಾದಾಗ ಗಂಟು ತೆಗೆದು ಮೂಸಿದೆ. ಮೂಗು ತೆರೆದುಕೊಂಡಂತಾಯಿತು, ಉಸಿರು ಹಗುರಾಯಿತು. ಹತ್ತು ನಿಮಿಷಕ್ಕೆ ತಲೆನೋವು ಮತ್ತೆ ಅಲ್ಲೇ ಇತ್ತು.

ಕರ್ಪೂರ, ನೀಲಗಿರಿ ಎಣ್ಣೆಗಳ ಆವಿ ಮೂಗಿನೊಳಗೆ ತಂಪು ತಿಳಿಸುವ ನರಗಳನ್ನು ಕೆಣಕುತ್ತದೆ. ಮೂಗಿನಲ್ಲಿ ತಂಪಾದರೆ "ಗಾಳಿ ಚೆನ್ನಾಗಿ ಬರುತ್ತಿದೆ" ಎಂದು ಮಿದುಳು ತಿಳಿಯುತ್ತದೆ. 1980ರ ದಶಕದಲ್ಲಿ ಬ್ರಿಟನ್‌ನ ಸಂಶೋಧಕರು ಇದನ್ನು ಅಳೆದು ನೋಡಿದರು. ಮೂಸಿದವರಿಗೆ ಮೂಗು ತೆರೆದಂತೆ ಅನಿಸಿತ್ತು, ಆದರೆ ಮೂಗಿನೊಳಗೆ ಗಾಳಿಗಿರುವ ತಡೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಒಂದು ವೇಳೆ ಮೂಗು ನಿಜವಾಗಿ ತೆರೆದರೂ ಒಳಗೆ ಹೋಗುವುದು ಅದೇ ತೆಳು ಗಾಳಿ ತಾನೇ?

ಇನ್ನೊಂದು ಎಚ್ಚರಿಕೆ: ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ಗಂಟನ್ನು ಮಕ್ಕಳ ಕೈಗೆ ಕೊಡಬೇಡಿ.

ದೇಹ ತಾನೇ ಏನು ಮಾಡುತ್ತದೆ?

ಆಕ್ಸಿಜನ್ ಕಡಿಮೆಯಾದೊಡನೆ ಉಸಿರಾಟ, ಎದೆಬಡಿತ ಎರಡೂ ಹೆಚ್ಚುತ್ತವೆ. ಜೋರಾಗಿ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳು "ಸಾಕು, ನಿಧಾನಿಸು" ಎನ್ನುತ್ತದೆ. ಈ ಎಳೆದಾಟದಿಂದಲೇ ಎತ್ತರದಲ್ಲಿ ನಿದ್ದೆ ಬಂದಾಗ ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗುತ್ತದೆ. ಕಿಡ್ನಿಗಳು ಕೆಲವು ದಿನ ತೆಗೆದುಕೊಂಡು ಹೆಚ್ಚಾದ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಆಮೇಲೆ ಉಸಿರಾಟ ಹದಕ್ಕೆ ಬರುತ್ತದೆ. ಕೆಂಪು ರಕ್ತಕಣಗಳು ಗಣನೀಯವಾಗಿ ಹೆಚ್ಚಲು ವಾರಗಳೇ ಬೇಕು.

ಅಂದರೆ ಇಲ್ಲಿ ನಿಜವಾದ ಔಷಧಿ ಸಮಯ. ಅದಕ್ಕೇ ವೈದ್ಯರು ಹೇಳುವ ನಿಯಮ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು ಬೇಕು. ಹಗಲು ಹತ್ತಿ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ಇನ್ನೂ ಒಳ್ಳೆಯದು. ರಜೆ ಉಳಿಸಲು ಮನಾಲಿಯಲ್ಲಿ ನಿಲ್ಲದೆ ನೇರ ಜೋಬ್ರಾಕ್ಕೆ ಹೋಗುವವರು ಕಳೆದುಕೊಳ್ಳುವುದು ಈ ಸಮಯವನ್ನೇ.

"ನಾನು ಫಿಟ್ ಇದ್ದೀನಿ, ನನಗೇನೂ ಆಗಲ್ಲ"

ಇದು ಫಾರ್ವರ್ಡ್‌ಗಿಂತ ಅಪಾಯದ ನಂಬಿಕೆ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಬಯಲುಸೀಮೆಯಿಂದ ಬೇಗನೆ ಹಿಮಾಲಯದ ಎತ್ತರಕ್ಕೆ ಕಳಿಸಿದ ಭಾರತೀಯ ಸೈನಿಕರಲ್ಲಿ ಅನೇಕರು ಕಾಯಿಲೆಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಬಳಲಿದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವ ಎಷ್ಟೋ ಸಂಗತಿಗಳ ಬುನಾದಿ ಆ ವರದಿಯಲ್ಲಿದೆ. ಅವರೆಲ್ಲ ದಿನವೂ ಕವಾಯತು ಮಾಡುತ್ತಿದ್ದ ಸೈನಿಕರು ಎಂಬುದನ್ನು ಮರೆಯಬೇಡಿ.

ಜಿಮ್, ಓಟ ಇವೆಲ್ಲ ಕಾಲಿಗೆ ಬಲ ಕೊಡುತ್ತವೆ, ನಡಿಗೆ ಸಲೀಸಾಗುತ್ತದೆ. ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಬದಲಿಗೆ ಗಟ್ಟಿ ಕಾಲಿನವರು ಬೇಗ ಬೇಗ ಹತ್ತಿ ಹೆಚ್ಚು ತೊಂದರೆಗೆ ಸಿಗಬಹುದು.

ನಮ್ಮ ತಂಡದಲ್ಲೂ ಹೀಗೇ ಆಯಿತು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಹುಡುಗ ಬಾಲು ಕಾ ಘೇರಾದಲ್ಲಿ ರಾತ್ರಿ ಊಟ ಬೇಡವೆಂದ. ಎರಡು ಸಲ ವಾಂತಿಯಾಯಿತು. ನನ್ನ ಗಂಟು ಅವನಿಗೂ ಹೋಯಿತು, "ಈಗ ಪರವಾಗಿಲ್ಲ ಅಕ್ಕ" ಎಂದ. ಬೆಳಿಗ್ಗೆ ಗೈಡ್ ಬಂದು ತಲೆನೋವು ಹೇಗಿದೆ ಎಂದು ಕೇಳಿದಾಗಲೂ ಅದೇ ಉತ್ತರ. ಗೈಡ್ ನಂಬಲಿಲ್ಲ. ಹಿಮ್ಮಡಿಗೆ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಸಿ ನೋಡಿದರು. ನಡಿಗೆ ಸರಿಯಿತ್ತು, ಆದರೆ ತಲೆನೋವು ರಾತ್ರಿಗಿಂತ ಹೆಚ್ಚಾಗಿದೆ ಎಂದು ಕೊನೆಗೆ ಒಪ್ಪಿಕೊಂಡ. ಸಹಾಯಕರೊಬ್ಬರ ಜೊತೆ ಅವನನ್ನು ಕೆಳಗೆ ಕಳಿಸಿದರು. ಜೋಬ್ರಾ ತಲುಪುವ ಹೊತ್ತಿಗೆ ಹಸಿವಾಗಿ ಮ್ಯಾಗಿ ತಿಂದನಂತೆ. ನನ್ನ ತಲೆನೋವು ಬೆಳಿಗ್ಗೆಗೆ ಇಳಿದಿತ್ತು, ಹಾಗಾಗಿ ನನ್ನನ್ನು ಮುಂದೆ ಬಿಟ್ಟರು.

ಯಾವ ಲಕ್ಷಣಕ್ಕೆ ಏನು ಮಾಡಬೇಕು?

ಮೊದಲ ಹಂತ: ತಲೆನೋವು, ಅದರ ಜೊತೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು ಅಥವಾ ತಲೆಸುತ್ತು. ಸಾಮಾನ್ಯವಾಗಿ 2,500 ಮೀಟರ್ ಮೇಲೆ, ಹೊಸ ಎತ್ತರ ತಲುಪಿದ ಕೆಲವು ಗಂಟೆಗಳಲ್ಲಿ ಶುರುವಾಗುತ್ತದೆ. ಆಗ ಮುಂದೆ ಹತ್ತಬಾರದು. ಅಲ್ಲೇ ವಿಶ್ರಾಂತಿ ತೆಗೆದುಕೊಳ್ಳಬೇಕು. ಕಡಿಮೆಯಾಗದಿದ್ದರೆ, ಹೆಚ್ಚಾಗುತ್ತಿದ್ದರೆ ಇಳಿಯಬೇಕು.

ಶ್ವಾಸಕೋಶದಲ್ಲಿ ನೀರು ತುಂಬುವುದು: ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಯಾಗುವುದು, ಕೊನೆಗೆ ಗುಲಾಬಿ ಬಣ್ಣದ ನೊರೆ ಕಫ. ಬಹಳ ಸಲ ಎರಡನೇ ರಾತ್ರಿ ಅಥವಾ ಆಮೇಲೆ ಕಾಣಿಸುತ್ತದೆ. ಇದನ್ನು ನೆಗಡಿ, ಕಫ ಎಂದುಕೊಂಡು ಕರ್ಪೂರ ಮೂಸುತ್ತ ಕೂತವರು ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ.

ಮಿದುಳು ಊದಿಕೊಳ್ಳುವುದು: ಕುಡಿದವರಂತೆ ತೂರಾಡುವುದು, ಮಾತು ತೊದಲುವುದು, ಗೊಂದಲ, ವಿಪರೀತ ಮಂಪರು. ಇಂಥವರು ತಮಗೇನೂ ಆಗಿಲ್ಲ ಎಂದೇ ವಾದಿಸಬಹುದು. ಅವರ ಮಾತು ಕೇಳಬೇಡಿ.

ಕೊನೆಯ ಎರಡರಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಕ್ಸಿಜನ್ ಸಿಲಿಂಡರ್ ಇದ್ದರೆ ಕೊಡುತ್ತ, ರೋಗಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಕೆಳಗಿಳಿಸಬೇಕು.

ಉಳಿದ ಫಾರ್ವರ್ಡ್‌ಗಳ ಕಥೆ?

ಬೆಳ್ಳುಳ್ಳಿ: ಸೂಪ್ ಬಿಸಿಯಾಗಿ ರುಚಿಯಾಗಿರುತ್ತದೆ, ಕುಡಿಯಿರಿ. ಎತ್ತರದ ಕಾಯಿಲೆ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಐದಾರು ಲೀಟರ್ ನೀರು: ಬಾಯಾರದಂತೆ ಕುಡಿದರೆ ಸಾಕು. ನೀರು ಹೆಚ್ಚು ಕುಡಿದರೆ ಎತ್ತರದ ಕಾಯಿಲೆ ತಪ್ಪುವುದಿಲ್ಲ, ಅತಿಯಾದರೆ ರಕ್ತದ ಸೋಡಿಯಂ ಇಳಿದು ಬೇರೆ ತೊಂದರೆಯಾಗುತ್ತದೆ.

ಒಂದು ಪೆಗ್ ಬ್ರಾಂದಿ: ಚರ್ಮಕ್ಕೆ ರಕ್ತ ಹರಿದು ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಹೊರಹೋಗುತ್ತದೆ. ನಿದ್ದೆಯಲ್ಲಿ ಉಸಿರಾಟವನ್ನೂ ಕುಗ್ಗಿಸುತ್ತದೆ. ಬೇಡ.

ಅಂಗಡಿಯ ಆಕ್ಸಿಜನ್ ಕ್ಯಾನ್: ಹತ್ತು ಲೀಟರಿನ ಕ್ಯಾನ್ ನಿಮಿಷಕ್ಕೆ ಎರಡು ಲೀಟರಿನಂತೆ ಐದೇ ನಿಮಿಷಕ್ಕೆ ಮುಗಿಯುತ್ತದೆ.

ಆಕ್ಸಿಮೀಟರ್: ಮನೆಯಲ್ಲಿ 97 ತೋರಿಸುವುದು ಪಾಸ್ ಹತ್ತಿರ 85ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಬೆರಳು ತಣ್ಣಗಿದ್ದರೆ ತಪ್ಪು ಸಂಖ್ಯೆ ಬರುತ್ತದೆ. ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಸಂಖ್ಯೆ ಚೆನ್ನಾಗಿದೆ ಎಂದು ಲಕ್ಷಣಗಳನ್ನು ಮರೆಯಲೂ ಬೇಡಿ.

ಅಸೆಟಾಜೋಲಮೈಡ್ ಮಾತ್ರೆ: ಇದು ನಿಜವಾಗಿ ಕೆಲಸ ಮಾಡುತ್ತದೆ. ಕಿಡ್ನಿಗಳು ಕ್ಷಾರ ಹೊರಹಾಕುವುದನ್ನು ಚುರುಕುಗೊಳಿಸಿ ದೇಹ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ಎಲ್ಲರಿಗೂ ಹೊಂದುವುದಿಲ್ಲ. ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಮಾತ್ರೆ ನುಂಗಿದ್ದೇವೆ ಎಂದು ಓಡುತ್ತ ಹತ್ತುವಂತಿಲ್ಲ.

ಎತ್ತರದಷ್ಟೇ ಚಳಿಯೂ ಕೊಲ್ಲುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್ ಟ್ರೆಕ್‌ಗೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡಿದ್ದು ನಮಗೆಲ್ಲ ನೆನಪಿದೆ. ಅದು ಬೇಸಿಗೆ ತಿಂಗಳು. ಹವೆ ಕೆಟ್ಟರೆ ಅನುಭವಿಗಳೂ ಸಿಕ್ಕಿಬೀಳುತ್ತಾರೆ. ತಲೆನೋವಿರಲಿ, ಮೋಡವಿರಲಿ, ಹಿಂದಿರುಗಿ ಬರುವುದು ಸೋಲಲ್ಲ.

ಚಿಕ್ಕಮ್ಮನಿಗೆ ಊರಿಗೆ ಬಂದ ಮೇಲೆ ಇದೆಲ್ಲ ಹೇಳಿದೆ. "ಹಾಗಾದ್ರೆ ಅದನ್ನೇ ಬರೆದು ಕೊಡು, ನಾನೇ ಕಳಿಸ್ತೀನಿ" ಎಂದರು. ಬರೆದುಕೊಟ್ಟಿದ್ದು ಇದು. ಹಿಮಾಲಯಕ್ಕೆ ಹೊರಟವರು ನಿಮ್ಮ ಗ್ರೂಪಿನಲ್ಲಿದ್ದರೆ ನೀವೂ ಕಳಿಸಿ:

1. ನಿಧಾನ ಹತ್ತಿ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ.
2. ತಲೆನೋವು, ವಾಂತಿ ಇದ್ದರೆ ಮುಚ್ಚಿಡಬೇಡಿ. ಗೈಡ್‌ಗೆ ಹೇಳಿ.
3. ಲಕ್ಷಣ ಇರುವಾಗ ಮೇಲೆ ಹೋಗಬೇಡಿ. ಹೆಚ್ಚಾದರೆ ಕೆಳಗಿಳಿಯಿರಿ.
4. ಕುಳಿತಲ್ಲೇ ಏದುಸಿರು, ತೂರಾಟ, ಗೊಂದಲ ಕಂಡರೆ ರಾತ್ರಿಯಾದರೂ ಕೂಡಲೇ ಇಳಿಸಿ.
5. ಕರ್ಪೂರ ದೇವರ ಮನೆಯಲ್ಲಿರಲಿ.