ನಾಲ್ಕು ಭಾಷೆಯ ಊರಲ್ಲಿ ಮಾತಾಡದ ಮಗು

ಮಂಗಳೂರು: ಸ್ಟೇಟ್‌ಬ್ಯಾಂಕಿನಿಂದ ಕಂಕನಾಡಿ ಕಡೆ ಹೊರಟ ಸಿಟಿ ಬಸ್ಸು. ನಿಲ್ಲಲೂ ಜಾಗವಿಲ್ಲ. ತಾಯಿಯ ಮಡಿಲಲ್ಲಿ ಐದು ವರ್ಷದ ಹುಡುಗ. ಪಕ್ಕದ ಸೀಟಿನ ಹೆಂಗಸು ಪ್ರೀತಿಯಿಂದಲೇ ಕೇಳುತ್ತಾರೆ: "ನಿನ್ನ ಪುದರ್ ದಾದ?" ಉತ್ತರವಿಲ್ಲ. "ತುಜೆಂ ನಾಂವ್ ಕಿತೆಂ?" ಅದಕ್ಕೂ ಇಲ್ಲ. ಕನ್ನಡದಲ್ಲೂ ಕೇಳಿ ಆಯಿತು. ಹುಡುಗ ಕಿಟಕಿಯ ಸರಳು ತಟ್ಟುತ್ತಲೇ ಇದ್ದಾನೆ.

ಅಷ್ಟರಲ್ಲಿ ಹಿಂದಿನ ಬಸ್ಸಿನ ಹಾರ್ನು. ಹುಡುಗ ಎರಡೂ ಕಿವಿ ಮುಚ್ಚಿ ಕಿರುಚತೊಡಗುತ್ತಾನೆ. "ಎಂಥ ಹಠ ಮಾರಾಯ್ರೆ! ಎರಡು ಬಿಟ್ಟರೆ ಸರಿಯಾಗ್ತದೆ" ಎಂದು ಹಿಂದಿನ ಸೀಟಿನ ತೀರ್ಪು. ತಾಯಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ. ಟಿಕೆಟು ಇದ್ದದ್ದು ಕಂಕನಾಡಿಗೆ.

ಇಂಥದ್ದನ್ನು ನೋಡದ ಪ್ರಯಾಣಿಕರು ಕಡಿಮೆ. ಅದು ಹಠವೇ ಹೌದೋ ಎಂದು ಯೋಚಿಸಿದವರು ಇನ್ನೂ ಕಡಿಮೆ.

ಇದಕ್ಕೆ ಆಟಿಸಂ ಎಂದು ಹೆಸರು. ಕನ್ನಡದಲ್ಲಿ ಸ್ವಲೀನತೆ. ಅಂಟುಜಾಡ್ಯವಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ. ನಮಗೆ ಬರೀ ಹಾರ್ನು ಅನಿಸಿದ್ದು ಕೆಲವು ಮಕ್ಕಳಿಗೆ ತಡೆಯಲಾಗದ ಹಿಂಸೆ. 1943ರಲ್ಲಿ ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಮೇಲೆ ಇದು ಜಗತ್ತಿಗೆ ಪರಿಚಯವಾಯಿತು. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ದೊಡ್ಡ ಡಾಕ್ಟರರೇ ಹೇಳಿದ ಕಾಲವೂ ಇತ್ತು. ಅದು ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಬಸ್ಸಿನೊಳಗೆ ಮಾತ್ರ ಇನ್ನೂ ಚಾಲ್ತಿಯಲ್ಲಿ ಉಂಟು!

ನಮ್ಮ ಊರಿನದೇ ಇನ್ನೊಂದು ಮಾತು: "ಮನೆಯಲ್ಲಿ ತುಳು, ಆಚೆಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು. ಮಗುವಿಗೆ ಗಲಿಬಿಲಿ." ಭಾಷೆ ಹೆಚ್ಚಾಯಿತೆಂದು ಆಟಿಸಂ ಬರುವುದಿಲ್ಲ. "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಹಾಗೆ ಕಾಯುತ್ತ ಕೂತರೆ ಕಲಿಸಬೇಕಾದ ಒಳ್ಳೆಯ ವರ್ಷಗಳೇ ಹೋಗುತ್ತವೆ.

ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ, ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದ, ಬಂದ ಮಾತನ್ನೇ ಕಳೆದುಕೊಂಡ ಮಗುವನ್ನು ಡಾಕ್ಟರಿಗೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆ; ಕೇಳದ ಮಗುವೂ ಮಾತಾಡುವುದಿಲ್ಲವಲ್ಲ. ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲಿ ವಾಕ್ ಮತ್ತು ಶ್ರವಣ ಕಾಲೇಜೇ ಉಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

1995ರ ಅಂಗವಿಕಲರ ಕಾನೂನಿನ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾನೂನಿನ 21 ವೈಕಲ್ಯಗಳಲ್ಲಿ ಆಟಿಸಂ ಸೇರಿತು, ಮಾತು ಮತ್ತು ಭಾಷೆಯ ತೊಂದರೆಯೂ ಸೇರಿತು. ಸರ್ಟಿಫಿಕೇಟು ಮಾಡಿಸಿಕೊಳ್ಳುವುದು ಹಕ್ಕು. ಅದರಲ್ಲಿ ನಾಚಿಕೆಯೇನು?

ಬಾಯಲ್ಲಿ ಮಾತು ಬಾರದವರಿಗೂ ಹೇಳುವುದು ಇರುತ್ತದೆ. ಕೆಲವರು ಚಿತ್ರದ ಕಾರ್ಡು ತೋರಿಸಿ ಹೇಳುತ್ತಾರೆ, ಕೆಲವರು ಸನ್ನೆಯಲ್ಲಿ. ಕಾರ್ಡು ಕೊಟ್ಟರೆ ಮಾತು ಕಲಿಯುವುದಿಲ್ಲ ಎಂಬ ಹೆದರಿಕೆ ಬೇಡ.

ಅಂಗಡಿಯವರು ಮಾಡಬೇಕಾದ್ದು ಇಷ್ಟೇ: ಒಂದೇ ಪ್ರಶ್ನೆ, ಒಂದೇ ಭಾಷೆ, ಹತ್ತು ಎಣಿಸುವಷ್ಟು ತಾಳ್ಮೆ. ಬಿಸ್ಕತ್ತಿನ ಕಡೆ ಬೆರಳು ತೋರಿಸಿದರೆ ಅದೇ ಆರ್ಡರು. ಬಸ್ಸಿನಲ್ಲಿ ಸಾಧ್ಯವಿದ್ದರೆ ಕಿಟಕಿ ಬದಿಯ ಸೀಟು ಬಿಟ್ಟುಕೊಡಿ. ಕಿರುಚಿದರೆ ಬುದ್ಧಿ ಹೇಳುವುದು ಬೇಡ, ಎಲ್ಲರೂ ತಿರುಗಿ ನೋಡುವುದೂ ಬೇಡ.

ಆ ತಾಯಿ ಮಗನನ್ನು ಕರೆದುಕೊಂಡು ಹೊರಟದ್ದು ಮಾತು ಕಲಿಸುವ ತರಬೇತಿಗೇ ಇರಬಹುದು. ಟಿಕೆಟು ತೆಗೆದ ಜಾಗದವರೆಗೆ ಕೂತು ಹೋಗಲು ಬಿಟ್ಟರೆ, ಅದೇ ಊರಿನವರ ದೊಡ್ಡ ಉಪಕಾರ.