ಚಿತ್ರ ಮುಗಿದ ಮೇಲೆ

ಸಿನೆಮಾ ನೋಡಲು ಹೋಗುವವರು ಬಹಳ ಮಂದಿ. ನೋಡಿ ಬಂದ ಮೇಲೆ ಅದನ್ನು ಕುರಿತು ಅರ್ಧ ಗಂಟೆಯಾದರೂ ಕುಳಿತು ಮಾತನಾಡುವವರು ಬಹಳ ಕಡಮೆ. ಸಂಗೀತ ಕಛೇರಿಯಿಂದ ಹೊರಟವರು ವಿದ್ವಾಂಸರ ತೋಡಿಯನ್ನೂ ಪಲ್ಲವಿಯನ್ನೂ ದಾರಿಯುದ್ದಕ್ಕೂ ತೂಗಿ ನೋಡುತ್ತ ಮನೆ ಸೇರುವುದುಂಟು. ಭಾರತವಾಚನವನ್ನು ಕೇಳಿ ಬಂದವರು ಕರ್ಣನದು ಸರಿಯೋ ಕೃಷ್ಣನದು ಸರಿಯೋ ಎಂದು ಜಗಲಿಯ ಮೇಲೆ ವಾದಿಸಿ ನಿದ್ದೆಗೆಡುವುದುಂಟು. ಚಲಚ್ಚಿತ್ರಕ್ಕೆ ಮಾತ್ರ ಈ ಮರ್ಯಾದೆ ನಮ್ಮ ಮನೆಗಳಲ್ಲಿ ಇನ್ನೂ ದೊರೆತಿಲ್ಲ. ‘ಚೆನ್ನಾಗಿತ್ತು’ ಎಂದೋ ‘ಸುಮಾರು’ ಎಂದೋ ಒಂದು ಮಾತು ಹೇಳಿ, ಊಟಕ್ಕೆ ಎಲೆ ಹಾಕಿಸುತ್ತೇವೆ.

ಈ ಕೊರತೆಯನ್ನು ತುಂಬಿಕೊಳ್ಳಬೇಕೆಂದು ಮೈಸೂರಿನ ನಮ್ಮ ಬಡಾವಣೆಯ ಆರೇಳು ಮನೆಯವರು ಕೂಡಿ, ನಾಲ್ಕು ವರ್ಷಗಳಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿರುವೆವು. ತಿಂಗಳ ಎರಡನೆಯ ಶನಿವಾರ ಸಂಜೆ ಯಾರಾದರೊಬ್ಬರ ನಡುಮನೆಯಲ್ಲಿ ಸೇರುತ್ತೇವೆ. ಗೋಡೆಗೆ ಒಂದು ಬಿಳಿಯ ಪಂಚೆ, ಇದಿರಿಗೆ ಒಂದು ಚಿಕ್ಕ ಪ್ರೊಜೆಕ್ಟರು, ನೆಲದ ಮೇಲೆ ಜಮಖಾನ. ಬೇರೆ ಬೇರೆ ದೇಶಗಳ ಹಳೆಯ, ಹೆಸರಾದ ಚಿತ್ರವೊಂದನ್ನು ನೋಡುವುದು, ಬಳಿಕ ಕಾಫಿ, ಬಳಿಕ ಮಾತು. ಕಾಫಿಯ ಲೋಟ ಕೈಗೆ ಬರುವವರೆಗೆ ಯಾರೂ ಅಭಿಪ್ರಾಯ ಹೇಳಕೂಡದೆಂಬುದೊಂದೇ ನಮ್ಮ ನಿಯಮ. ಮೊದಲು ಬಾಯಿಬಿಟ್ಟವರ ಹಿಂದೆ ಉಳಿದವರೆಲ್ಲ ಕುರಿಮಂದೆಯಂತೆ ಹೋಗುವುದನ್ನು ಒಂದೆರಡು ಸಲ ಕಂಡು ಈ ಕಟ್ಟಳೆಯನ್ನು ಮಾಡಿಕೊಂಡೆವು.

ಇದು ನಾವು ಕಂಡುಹಿಡಿದ ವಿದ್ಯೆಯೆಂದು ವಾಚಕರು ಭಾವಿಸಬಾರದು. ಲಂಡನ್ನಿನಲ್ಲಿ 1925ರಲ್ಲಿಯೇ ಫಿಲ್ಮ್ ಸೊಸೈಟಿ ಎಂಬ ಸಂಘವು ಹುಟ್ಟಿತು. ಬರ್ನಾರ್ಡ್ ಷಾ, ಎಚ್. ಜಿ. ವೆಲ್ಸ್ ಮೊದಲಾದ ದೊಡ್ಡವರು ಅದಕ್ಕೆ ಒತ್ತಾಸೆಯಾಗಿದ್ದರು. ರಷ್ಯಾದೇಶದ ಐಸೆನ್‌ಸ್ಟೈನರು 1925ರಲ್ಲಿ ತೆಗೆದ ‘ಬ್ಯಾಟಲ್‌ಷಿಪ್ ಪೊಟೆಂಕಿನ್’ ಎಂಬ ಮೂಕಚಿತ್ರವು, ಹುಳು ಬಿದ್ದ ಮಾಂಸವನ್ನು ತಿನ್ನಲೊಲ್ಲದೆ ದಂಗೆಯೆದ್ದ ನಾವಿಕರ ಕಥೆಯಷ್ಟೆ. ಬ್ರಿಟನ್ನಿನ ಸೆನ್ಸಾರಿನವರಿಗೆ ಅದು ಅಪಾಯವಾಗಿ ಕಂಡು, ಸಾರ್ವಜನಿಕರಿಗೆ ತೋರಿಸಲು ಅಪ್ಪಣೆ ದೊರೆಯಲಿಲ್ಲ. ಸಂಘವು 1929ರ ನವೆಂಬರಿನಲ್ಲಿ ತನ್ನ ಸದಸ್ಯರಿಗೆ ಅದನ್ನು ತೋರಿಸಿತು. ಕಲ್ಕತ್ತೆಯಲ್ಲಿ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದ ತರುಣರು ಫಿಲ್ಮ್ ಸೊಸೈಟಿಯೊಂದನ್ನು ಕಟ್ಟಿದಾಗ ಮೊದಲು ನೋಡಿದ್ದು ಇದೇ ಪೊಟೆಂಕಿನ್ ಚಿತ್ರವನ್ನು. ರಾಯ್ ಅವರು ಆಗ ಜಾಹೀರಾತಿನ ಕಂಪೆನಿಯೊಂದರಲ್ಲಿ ಚಿತ್ರ ಬರೆಯುತ್ತಿದ್ದವರು. 1955ರಲ್ಲಿ ‘ಪಥೇರ್ ಪಾಂಚಾಲಿ’ ಹೊರಬಂದಿತು. ನೋಡಿ ಮಾತನಾಡುವ ಚಪಲವೊಂದು ಎಲ್ಲಿಂದೆಲ್ಲಿಗೆ ಬೆಳೆಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಷ್ಟು ದೂರವಾದರೂ ಏಕೆ? ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹೆಗ್ಗೋಡು ಎಂಬ ಹಳ್ಳಿಯುಂಟು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕಸಂಘವನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಅದರ ಅಂಗವಾಗಿ ಒಂದು ಚಿತ್ರಸಮಾಜವನ್ನೂ ತೆರೆದರು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದ ಪಿ. ಕೆ. ನಾಯರ್, ಅಲ್ಲಿಯ ಚಲಚ್ಚಿತ್ರ ವಿದ್ಯಾಲಯದ ಅಧ್ಯಾಪಕ ಸತೀಶ್ ಬಹಾದೂರ್ ಮೊದಲಾದವರು ಇದಕ್ಕೆ ನೆರವಾದರು. ಅಡಕೆ ತೋಟದ ಕೆಲಸ ಮುಗಿಸಿ ಬಂದ ರೈತರು ಜಪಾನಿನ, ಇಟಲಿಯ, ಸ್ವೀಡನ್ನಿನ ಚಿತ್ರಗಳನ್ನು ನೋಡಿ ಚರ್ಚಿಸಿದರು. ನಾಯರ್ ಅವರನ್ನು ಕುರಿತು 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಚಿತ್ರದಲ್ಲಿ, ಆ ಸೀಮೆಯ ಹಿರಿಯರು ತಾವು ಬಹುಕಾಲದ ಹಿಂದೆ ಕಂಡ ಚಿತ್ರಗಳ ನೆನಪನ್ನು ಹೇಳುವುದನ್ನು ಈಗಲೂ ನೋಡಬಹುದು. ಪರದೇಶದ ಚಿತ್ರ ನಮಗೆಲ್ಲಿ ಅರ್ಥವಾದೀತು ಎಂದು ಹಿಂಜರಿಯುವ ಪಟ್ಟಣದ ಗೃಹಸ್ಥರಿಗೆ ನಾನು ಹೆಗ್ಗೋಡಿನ ಹೆಸರನ್ನು ಹೇಳಿ ಸುಮ್ಮನಾಗುತ್ತೇನೆ.

ಅರ್ಥವಾಗುವ ಮಾತು ಬಂದುದರಿಂದ ನಮ್ಮ ತಾಯಿಯವರ ವಿಷಯವನ್ನು ಹೇಳಬೇಕು. ಅವರಿಗೆ ಎಂಬತ್ತು ದಾಟಿದೆ; ಇಂಗ್ಲಿಷ್ ಬಾರದು. ಚಿತ್ರದ ಕೆಳಗೆ ಓಡುವ ಇಂಗ್ಲಿಷ್ ಅಡಿಬರಹವನ್ನು ನನ್ನ ಹೆಂಡತಿ ಮೆಲ್ಲನೆ ಅವರ ಕಿವಿಯ ಬಳಿ ಕನ್ನಡದಲ್ಲಿ ಹೇಳುತ್ತಾಳೆ. ಮೊದಮೊದಲು ಇದು ಉಳಿದವರಿಗೆ ಅಡ್ಡಿಯಾದೀತೆಂದು ನನಗೆ ಸಂಕೋಚವಿತ್ತು. ಆದದ್ದು ಬೇರೆ. ನಾವು ಅಡಿಬರಹವನ್ನು ಓದುವುದರಲ್ಲಿಯೇ ಅರ್ಧ ಚಿತ್ರವನ್ನು ಕಳೆದುಕೊಳ್ಳುತ್ತಿದ್ದರೆ, ಅವರ ಕಣ್ಣು ಪೂರ್ತಿ ಚಿತ್ರದ ಮೇಲೆಯೇ ಇರುತ್ತಿತ್ತು.

ವಿತ್ತೋರಿಯೊ ದ ಸೀಕ ಎಂಬವರು ಇಟಲಿಯಲ್ಲಿ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ನೋಡಿದ ಸಂಜೆ ಇದು ಗೊತ್ತಾಯಿತು. ಯುದ್ಧವು ಮುಗಿದ ಮೇಲಿನ ರೋಮ್ ನಗರ. ಕೆಲಸವಿಲ್ಲದ ಬಡವನೊಬ್ಬನಿಗೆ ಗೋಡೆಗೆ ಜಾಹೀರಾತು ಅಂಟಿಸುವ ಕೆಲಸ ದೊರೆಯುತ್ತದೆ. ಆದರೆ ಬೈಸಿಕಲ್ ಇರಲೇಬೇಕು. ಅದು ಗಿರವಿಯಲ್ಲಿದೆ. ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನು ಎಳೆದು ತೆಗೆದು ಗಂಟು ಕಟ್ಟಿ, ಅವುಗಳನ್ನು ಒತ್ತೆಯಿಟ್ಟು ಬೈಸಿಕಲ್ಲನ್ನು ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲನೆಯ ದಿನವೇ ಅದು ಕಳುವಾಗುತ್ತದೆ. ಚಿಕ್ಕ ಮಗನ ಕೈಹಿಡಿದು ಊರೆಲ್ಲ ಹುಡುಕಿ, ಕಡೆಗೆ ಏನೂ ತೋಚದೆ ಆ ತಂದೆಯೂ ಒಂದು ಬೈಸಿಕಲ್ಲನ್ನು ಕದಿಯಹೋಗಿ, ಮಗನ ಕಣ್ಣೆದುರಿಗೇ ಸಿಕ್ಕಿಬೀಳುತ್ತಾನೆ. ಬೈಸಿಕಲ್ಲಿನ ಒಡೆಯ ಹುಡುಗನ ಮುಖವನ್ನು ನೋಡಿ ಬಿಟ್ಟುಬಿಡುತ್ತಾನೆ. ತಂದೆಯ ಪಾತ್ರವನ್ನು ವಹಿಸಿದವನು ನಟನಲ್ಲ, ಕಾರ್ಖಾನೆಯ ಕೂಲಿಗಾರ. ರಾಯ್ ಅವರು 1950ರಲ್ಲಿ ಲಂಡನ್ನಿನಲ್ಲಿ ಕಂಡು, ತಾವು ಚಿತ್ರ ತೆಗೆಯುವುದಾದರೆ ಹೀಗೆಯೇ ತೆಗೆಯಬೇಕೆಂದು ನಿಶ್ಚಯಿಸಿಕೊಂಡದ್ದು ಈ ಚಿತ್ರವನ್ನೇ.

ಕಾಫಿ ಬಂದೊಡನೆ ವಾದ ಹತ್ತಿಕೊಂಡಿತು. ನಮ್ಮ ವಕೀಲರು, ಕಳ್ಳತನ ಕಳ್ಳತನವೇ, ಬಡತನವು ಶಿಕ್ಷೆಯನ್ನು ತಗ್ಗಿಸಬಹುದೇ ಹೊರತು ಅಪರಾಧವನ್ನು ಅಳಿಸಲಾರದು ಎಂದರು. ಮೇಷ್ಟರು ಒಂದು ಸೂಕ್ಷ್ಮವನ್ನು ಎತ್ತಿದರು: ಅಮೆರಿಕದಲ್ಲಿ ಈ ಚಿತ್ರಕ್ಕೆ ‘ಬೈಸಿಕಲ್ ಕಳ್ಳ’ ಎಂದು ಏಕವಚನದ ಹೆಸರನ್ನಿಟ್ಟರು, ಇಟಾಲಿಯನ್ ಹೆಸರಿನಲ್ಲಿರುವುದು ‘ಕಳ್ಳರು’ ಎಂಬ ಬಹುವಚನ. ಒಬ್ಬನೇ ಕಳ್ಳನೆಂದರೆ ಯಾರು, ಮೊದಲು ಕದ್ದವನೋ ಕಡೆಗೆ ಕದ್ದವನೋ? ಈ ಪ್ರಶ್ನೆಯ ಮೇಲೆ ಮುಕ್ಕಾಲು ಗಂಟೆ ಕಳೆಯಿತು. ನಮ್ಮ ತಾಯಿಯವರು ಆವರೆಗೆ ಸುಮ್ಮನಿದ್ದವರು, “ಆ ಗಿರವಿ ಅಂಗಡಿಯವನು ಗಂಟನ್ನು ಹೊತ್ತುಕೊಂಡು ಮೇಲೆ ಮೇಲೆ ಹತ್ತಿದನಲ್ಲ, ಅಲ್ಲಿ ಏನಿತ್ತು ನೋಡಿದಿರಾ?” ಎಂದರು. ನಾವು ಯಾರೂ ಲಕ್ಷ್ಯವಿಟ್ಟು ನೋಡಿರಲಿಲ್ಲ. ಆ ಭಾಗವನ್ನು ಮತ್ತೆ ಹಾಕಿದೆವು. ಸೂರಿನವರೆಗೂ ಅಟ್ಟಣೆಗಳು, ಅಟ್ಟಣೆಗಳ ತುಂಬ ಅಂಥವೇ ದುಪ್ಪಟಿಯ ಗಂಟುಗಳು. “ಎಷ್ಟು ಮನೆಯ ಹಾಸಿಗೆ ಬರಿದಾಗಿರಬೇಕು!” ಎಂದರು ತಾಯಿಯವರು. ವಕೀಲರು ತಮ್ಮ ಮತವನ್ನು ಬಿಡಲಿಲ್ಲ, ಅದು ಅವರ ಸ್ವಭಾವವೂ ಅಲ್ಲ. ಆದರೆ ಆ ಮೇಲೆ ಅವರು ದನಿಯೇರಿಸಲಿಲ್ಲ.

ಎಲ್ಲ ಸಂಜೆಗಳೂ ಹೀಗಾದವೆಂದರೆ ಸುಳ್ಳಾದೀತು. ಡೆನ್ಮಾರ್ಕಿನ ಡ್ರೈಯರ್ ಎಂಬವರು 1928ರಲ್ಲಿ ತೆಗೆದ ಜೋನ್ ಆಫ್ ಆರ್ಕಳ ವಿಚಾರಣೆಯ ಮೂಕಚಿತ್ರವನ್ನು ಹಾಕಿದ ದಿನ, ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರು. ಅದು ಚಿತ್ರದ ದೋಷವಲ್ಲ, ಅಂದಿನ ಮಧ್ಯಾಹ್ನದ ಒಬ್ಬಟ್ಟಿನ ಊಟದ ದೋಷ. ಕುರೊಸಾವರ ‘ರಾಶೋಮೋನ್’ ನೋಡಿದ ದಿನ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ವಿಧವಾಗಿ ಹೇಳುವುದನ್ನು ಕಂಡು, ನಮ್ಮ ನಮ್ಮಲ್ಲಿಯೇ ಹಳೆಯ ಜಗಳವೊಂದನ್ನು ಎಲ್ಲರೂ ತಮ್ಮ ತಮ್ಮ ಪಾಠದಂತೆ ಹೇಳಹೊರಟು ನಗೆಯಾಯಿತು.

ನಗೆಯಾಗದ ಸಂಜೆಯೂ ಒಂದುಂಟು. ಅದನ್ನು ಬರೆಯುವುದಕ್ಕಾಗಿಯೇ ಈ ಲೇಖನವನ್ನು ಹಿಡಿದೆನೆಂದರೂ ಸಲ್ಲುವುದು.

ಜಪಾನಿನ ಓಜು ಅವರು 1953ರಲ್ಲಿ ತೆಗೆದ ‘ಟೋಕಿಯೋ ಸ್ಟೋರಿ’. ಒನೊಮಿಚಿ ಎಂಬ ಕಡಲತಡಿಯ ಊರಿನಿಂದ ಮುದುಕ ಮುದುಕಿ ಇಬ್ಬರು, ಟೋಕಿಯೋದಲ್ಲಿ ನೆಲಸಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಗ ವೈದ್ಯ, ಮಗಳು ಸ್ತ್ರೀಯರ ಕೇಶಾಲಂಕಾರದ ಅಂಗಡಿ ನಡೆಸುವವಳು. ಇಬ್ಬರಿಗೂ ಬಿಡುವಿಲ್ಲ. ತಂದೆತಾಯಿಗಳನ್ನು ಅತಾಮಿಯ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ. ಯುದ್ಧದಲ್ಲಿ ಮಡಿದ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜ ಪಡೆದು ಅತ್ತೆಮಾವಂದಿರಿಗೆ ಊರು ತೋರಿಸುತ್ತಾಳೆ. ಅವರು ಊರಿಗೆ ಹಿಂದಿರುಗಿದ ಮೇಲೆ ತಾಯಿ ತೀರಿಕೊಳ್ಳುತ್ತಾಳೆ. ಕಥೆಯೆಂದರೆ ಇಷ್ಟೇ. ಕ್ಯಾಮೆರಾ ಬಹುಮಟ್ಟಿಗೆ ಕದಲುವುದೇ ಇಲ್ಲ; ಚಾಪೆಯ ಮೇಲೆ ಕುಳಿತವರ ಕಣ್ಣಿನ ಎತ್ತರದಲ್ಲಿ, ಅಥವಾ ಅದಕ್ಕೂ ಕೆಳಗೆ, ಸುಮ್ಮನೆ ನೋಡುತ್ತಿರುತ್ತದೆ. ಓಜು ಅವರ ಈ ಕ್ರಮವನ್ನು ಕುರಿತು ಪಂಡಿತರು ಬಹಳ ಬರೆದಿದ್ದಾರೆ. ನಮ್ಮ ತಾಯಿಯವರು, “ಇದನ್ನು ತೆಗೆದವರು ನಮ್ಮ ಹಾಗೆ ನೆಲದ ಮೇಲೆ ಕೂತು ತೆಗೆದಿದ್ದಾರೆ ಕಣೋ” ಎಂದರು.

ಅಂದು ಕಾಫಿ ಬಂದೊಡನೆ ಮೊದಲು ಮಾತನಾಡಿದವನು ನಾನು. ತಾಯಿಯ ಉತ್ತರಕ್ರಿಯೆ ಮುಗಿಯುತ್ತಿದ್ದಂತೆಯೇ ಆಕೆಯ ಉಡುಪನ್ನು ನೆನಪಿಗೆಂದು ಕೇಳುವ ಮಗಳನ್ನು ಕಂಡು ನನಗೆ ಮೈ ಉರಿದಿತ್ತು. ಇಂಥ ಮಕ್ಕಳನ್ನು ಹೆತ್ತು ಫಲವೇನು, ದೂರದ ಊರಿಗೆ ಕಳುಹಿಸಿ ಓದಿಸಿದವರು ಮಾಡಿದ ತಪ್ಪನ್ನು ತಾವೇ ಉಣ್ಣಬೇಕು ಎಂದು ಏನೇನೋ ಹೇಳಿದೆ. ಇನ್ನೂ ಇಬ್ಬರು ದನಿಗೂಡಿಸಿದರು. ನಮ್ಮ ಕೂಟದಲ್ಲಿ ನಿವೃತ್ತ ಇಂಜಿನಿಯರೊಬ್ಬರು ಉಂಟು. ಅವರ ಮಗ, ಮಗಳು ಇಬ್ಬರೂ ಅಮೆರಿಕದಲ್ಲಿದ್ದಾರೆ. ಬಂದು ಮೂರು ವರ್ಷದ ಮೇಲಾಗಿತ್ತು. ರಾಯರು ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು, ಮಡದಿಯ ಕಡೆಗೆ ನೋಡಿ, “ಹೊತ್ತಾಯಿತು, ಬಾ” ಎಂದು ಎದ್ದರು. ಬಾಗಿಲವರೆಗೆ ಹೋಗಿ ಕಳುಹಿಸಿ ಬಂದೆ. ಆಗಲೂ ನನಗೆ ಹೊಳೆಯಲಿಲ್ಲ. ಎಲ್ಲರೂ ಹೋದ ಮೇಲೆ ತಾಯಿಯವರು, “ಎಲುಬಿಲ್ಲದ ನಾಲಗೆ ನಿನ್ನದು” ಎಂದಷ್ಟೇ ಹೇಳಿ ಒಳಗೆ ಹೋದರು.

ಮರುತಿಂಗಳು ರಾಯರು ಬರಲಿಲ್ಲ. ಅದರ ಮರುತಿಂಗಳೂ ಇಲ್ಲ. ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ಎರಡು ಸಲ ಹೊರಟು, ಕ್ಷಮೆ ಕೇಳುವುದೆಂದರೆ ನಾನು ಅವರ ಮಕ್ಕಳನ್ನು ಕುರಿತೇ ಆಡಿದೆನೆಂದು ಒಪ್ಪಿಕೊಂಡಂತಾಗುವುದಲ್ಲಾ ಎಂದು ಹಿಂದಿರುಗಿದೆ. ಇಂಥ ಚಿತ್ರಗಳನ್ನು ಬಿಟ್ಟು ಹಾಸ್ಯದ ಚಿತ್ರಗಳನ್ನೇ ನೋಡೋಣವೆಂದು ಒಬ್ಬರು ಸೂಚಿಸಿದರು. ಮೇಷ್ಟರು ಒಪ್ಪಲಿಲ್ಲ, ನೋಯಿಸಿದ್ದು ಚಿತ್ರವಲ್ಲ, ನಾವು, ಎಂದರು.

ಮೂರನೆಯ ತಿಂಗಳು ದಂಪತಿಗಳು ಬಂದರು. ರಾಯರ ಕೈಯಲ್ಲಿ ಒಂದು ಚೀಟಿ. ಅಂದಿನ ಚಿತ್ರಕ್ಕೆ ಮುಂಚೆ ‘ಟೋಕಿಯೋ ಸ್ಟೋರಿ’ಯ ಒಂದು ಭಾಗವನ್ನು ಮತ್ತೆ ತೋರಿಸಬೇಕು, ಎಷ್ಟನೆಯ ನಿಮಿಷವೆಂದು ಬರೆದು ತಂದಿದ್ದೇನೆ, ಎಂದರು. ಮನೆಯಲ್ಲಿ ಅವರಿಬ್ಬರೇ ಕುಳಿತು ಅದನ್ನು ಇನ್ನೆರಡು ಸಲ ನೋಡಿದ್ದರಂತೆ. ಹಾಕಿದೆವು. ಊರಿಗೆ ಹಿಂದಿರುಗುವ ದಾರಿಯಲ್ಲಿ, ಮುದುಕಿಗೆ ಮೈ ಸರಿಯಿಲ್ಲದೆ, ಅವರು ಓಸಾಕದಲ್ಲಿ ಕಿರಿಯ ಮಗನ ಮನೆಯಲ್ಲಿ ಇಳಿದುಕೊಂಡಿರುವ ಸಂದರ್ಭ. ಇಬ್ಬರೇ ಕುಳಿತಿದ್ದಾರೆ. ಮಕ್ಕಳು ಬದಲಾಗಿದ್ದಾರೆಂದು ಮಾತು ಬರುತ್ತದೆ. ಆದರೂ ನಮ್ಮ ಮಕ್ಕಳು ಎಷ್ಟೋ ಮಂದಿಯ ಮಕ್ಕಳಿಗಿಂತ ಮೇಲು, ನಾವು ಭಾಗ್ಯಶಾಲಿಗಳೇ, ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತಲೆದೂಗುತ್ತಾರೆ.

“ನೀವು ಮಕ್ಕಳ ಮೇಲೆ ತೀರ್ಪು ಕೊಟ್ಟಿರಿ,” ಎಂದರು ರಾಯರು. “ಹೆತ್ತವರು ಕೊಟ್ಟ ತೀರ್ಪನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ನಾನೂ ಇಲ್ಲ. ಅಂದು ನನಗೂ ನಿಮ್ಮ ಮೇಲೆ ಕೋಪ ಬಂತೇ ಹೊರತು ಈ ಮಾತು ಜ್ಞಾಪಕಕ್ಕೆ ಬರಲಿಲ್ಲ.”

ವಕೀಲರು ಸುಮ್ಮನಿರುವವರಲ್ಲ. “ಅದು ನಿಜವಾಗಿ ಆಡಿದ ಮಾತೋ, ಸಮಾಧಾನಕ್ಕೆಂದು ಆಡಿಕೊಂಡದ್ದೋ?” ಎಂದು ಕೇಳಿಯೇಬಿಟ್ಟರು. ನನಗೆ ಎದೆ ಧಸಕ್ಕೆಂದಿತು. ಉತ್ತರ ಬಂದದ್ದು ರಾಯರಿಂದಲ್ಲ. ನಾಲ್ಕು ವರ್ಷಗಳಲ್ಲಿ ನಮ್ಮ ಕೂಟದಲ್ಲಿ ಒಂದು ದಿನವೂ ಬಾಯಿಬಿಡದಿದ್ದ ಅವರ ಮಡದಿ, “ಎರಡೂ ಹೌದು. ನಮ್ಮ ಮನೆಯಲ್ಲಿಯೂ ಪ್ರತಿ ಭಾನುವಾರ ರಾತ್ರಿ ಫೋನು ಇಟ್ಟ ಮೇಲೆ ನಾವು ಹೀಗೆಯೇ ಹೇಳಿಕೊಳ್ಳುತ್ತೇವೆ,” ಎಂದರು.

ತಾಯಿಯವರು ಆಕೆಯನ್ನು ಕರೆದು ತಮ್ಮ ಪಕ್ಕದಲ್ಲಿ ಕುಳ್ಳಿರಿಸಿಕೊಂಡರು. ಅಂದಿಗೆ ಗೊತ್ತುಮಾಡಿದ್ದ ಚಿತ್ರವನ್ನು ನೋಡುವುದಕ್ಕೆ ಹೊತ್ತು ಉಳಿಯಲಿಲ್ಲ. ಓಸಾಕದ ಆ ಸನ್ನಿವೇಶವನ್ನೇ ಇನ್ನೊಂದು ಸಲ ಹಾಕಿಸಿ ನೋಡಿದೆವು. ಈ ಸಲ ನನ್ನ ಹೆಂಡತಿ ಅಡಿಬರಹವನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು.

ಬರುವ ತಿಂಗಳ ಕೂಟ ರಾಯರ ಮನೆಯಲ್ಲಿ. ಚಿತ್ರ ಅವರ ಆಯ್ಕೆ: ಚಾಪ್ಲಿನ್ನರ ‘ಸಿಟಿ ಲೈಟ್ಸ್’, 1931ರದು. ಕಾಫಿಯ ಜೊತೆಗೆ ಕೋಡುಬಳೆಯೂ ಉಂಟೆಂದು ಆಗಲೇ ವರ್ತಮಾನ ಬಂದಿದೆ.