ಬಿರುಕನ್ನು ಹಿಡಿದು ನಿಲ್ಲಿಸುವ ಹಲ್ಲಿನ ಕ್ಯಾಪ್

ರೂಟ್ ಕೆನಾಲ್ ಮುಗಿದು ನೋವು ನಿಂತ ಮೇಲೆ ಕ್ಯಾಪ್ ಹಾಕಿಸಲು ತಿರುಗಿ ಹೋಗದವರು ಬಹಳ ಮಂದಿ. ನೋವೇ ಇಲ್ಲದ ಹಲ್ಲಿಗೆ ಮತ್ತೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು ಎಂಬುದು ಅವರ ಲೆಕ್ಕ. ಮುಂದೊಂದು ದಿನ ಊಟದ ನಡುವೆ ಅದೇ ದವಡೆ ಹಲ್ಲು ಬೇರಿನವರೆಗೆ ಸೀಳಿಕೊಂಡರೆ ಕೀಳಿಸದೆ ಬೇರೆ ದಾರಿ ಉಳಿಯುವುದಿಲ್ಲ. ನರ ತೆಗೆದಾಗ ನೋವು ಹೋಯಿತು, ನಿಜ. ಆದರೆ ಹಲ್ಲಿನ ಬಲ ಕುಗ್ಗಿದ್ದನ್ನು ತಿಳಿಸಲು ಅಲ್ಲಿ ಇನ್ನು ಯಾರೂ ಇಲ್ಲ.

ನರ ಹೋದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಒಡೆಯುತ್ತದೆ ಎಂಬ ಮಾತು ಹಿಂದಿನಿಂದಲೂ ಇದೆ. ಅಳೆದು ನೋಡಿದರೆ ಒಳಗಿನ ಡೆಂಟಿನ್ನಿನ ಗುಣ ಹೆಚ್ಚೇನೂ ಬದಲಾಗಿರುವುದಿಲ್ಲ. ಬದಲಾಗಿರುವುದು ಅದರ ಪ್ರಮಾಣ. ಹುಳುಕು ತಿಂದದ್ದು ಒಂದಿಷ್ಟು, ನರದವರೆಗೆ ದಾರಿ ಮಾಡಲು ವೈದ್ಯರು ಕೊರೆದದ್ದು ಇನ್ನೊಂದಿಷ್ಟು. ದವಡೆ ಹಲ್ಲಿನ ಮೇಲಿನ ಉಬ್ಬುಗಳನ್ನು ಒಂದಕ್ಕೊಂದು ಬಿಗಿದಿಟ್ಟಿದ್ದ ನಡುಭಾಗವೇ ಖಾಲಿಯಾಗಿ, ಪ್ರತಿ ಉಬ್ಬೂ ಒಂಟಿಗೋಡೆಯಾಗಿ ನಿಂತಿರುತ್ತದೆ. ಜೋರಾಗಿ ಕಚ್ಚಿದಾಗ ದವಡೆ ಹಲ್ಲುಗಳ ಮೇಲೆ 500ರಿಂದ 700 ನ್ಯೂಟನ್, ಅಂದರೆ 50–70 ಕಿಲೋ ಭಾರದಷ್ಟು ಒತ್ತಡ ಬೀಳಬಹುದು. ಹಾಗೆ ಕಚ್ಚಿದಾಗಲೆಲ್ಲ ಆ ಗೋಡೆಗಳು ಕಣ್ಣಿಗೆ ಕಾಣದಷ್ಟು ಹೊರಕ್ಕೆ ಬಾಗುತ್ತವೆ. ಬುಡದಲ್ಲಿ ಹುಟ್ಟಿದ ಬಿರುಕು ಊಟದಿಂದ ಊಟಕ್ಕೆ ಕೆಳಗಿಳಿಯುತ್ತದೆ.

ಕ್ಯಾಪ್ ಇರುವುದು ಈ ಬಾಗುವಿಕೆಯನ್ನು ತಡೆಯಲು. ಎತ್ತಿನ ಗಾಡಿಯ ಮರದ ಗಾಲಿಗೆ ಸುತ್ತ ಕಬ್ಬಿಣದ ಪಟ್ಟಿ ಬಿಗಿದು ತುಂಡುಗಳನ್ನು ಒಟ್ಟಿಗೆ ಹಿಡಿಸುವ ಹಾಗೆ, ಅದು ಹಲ್ಲನ್ನು ಸುತ್ತಲಿಂದ ತಬ್ಬಿ ಹಿಡಿಯುತ್ತದೆ. ಹಿಡಿಯಲು ಏನಾದರೂ ಉಳಿದಿರಬೇಕಲ್ಲ! ಒಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಇದ್ದರೆ ಕ್ಯಾಪ್ ಬಾಳುತ್ತದೆ. ಇಲ್ಲದಿದ್ದರೆ ಎಷ್ಟು ದುಬಾರಿಯದನ್ನು ಕೂರಿಸಿದರೂ ಭರವಸೆ ಕಡಿಮೆ.

ಕ್ಯಾಪಿಗೆ ಯಾವ ವಸ್ತು ಸರಿ? ಈ ಪ್ರಶ್ನೆಯಲ್ಲಿ ಪೈಪೋಟಿ ಇರುವುದು ನಮ್ಮದೇ ಹಲ್ಲಿನ ಹೊರಪದರವಾದ ಎನಾಮೆಲ್ ಜೊತೆ. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ ಆಗಿರುವ ಎನಾಮೆಲ್ ದೇಹದ ಅತಿ ಗಡಸು ವಸ್ತು. ಅಷ್ಟು ಗಡಸಾದದ್ದು ಗಾಜಿನಂತೆ ಚೂರಾಗಬೇಕಿತ್ತು. ಹಾಗಾಗುವುದಿಲ್ಲ. ಖನಿಜದ ಸೂಕ್ಷ್ಮ ಕಡ್ಡಿಗಳು ಅದರಲ್ಲಿ ಒಂದನ್ನೊಂದು ಹಾಯ್ದು ಹೆಣೆದುಕೊಂಡಿವೆ. ಬಿರುಕು ನೇರ ಸಾಗಲಾರದೆ ಸುತ್ತಿ ಬಳಸಿ ದಣಿಯುತ್ತದೆ. ಅದನ್ನೂ ದಾಟಿ ಬಂದರೆ, ಕೆಳಗೆ ಡೆಂಟಿನ್ ಸೇರುವ ಗಡಿಯಲ್ಲಿ ಬಹುತೇಕ ನಿಂತುಬಿಡುತ್ತದೆ. ವಯಸ್ಸಾದವರ ಮುಂದಿನ ಹಲ್ಲುಗಳಲ್ಲಿ ಕೂದಲೆಳೆಯಂಥ ಗೆರೆಗಳು ಕಾಣುತ್ತವಲ್ಲ, ಅವು ಹೀಗೆ ನಿಂತುಹೋದ ಬಿರುಕುಗಳು. ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಂಟು. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮೂಳೆ ಕೂಡಿಕೊಳ್ಳುತ್ತದೆ, ಚರ್ಮ ಮಾಯುತ್ತದೆ; ಒಡೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಪೂರ್ತಿ ಪಿಂಗಾಣಿಯ ಕ್ಯಾಪನ್ನು 1903ರಲ್ಲಿ ಬಳಕೆಗೆ ತಂದವರು ಅಮೆರಿಕದ ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ಈ ಲ್ಯಾಂಡ್ ಅವರ ಮೊಮ್ಮಗ, ಮಗಳ ಮಗ. ಲ್ಯಾಂಡ್ ಅವರ ಪಿಂಗಾಣಿ ನೋಡಲು ಚೆಂದ, ತಾಳಿಕೆಯಲ್ಲಿ ಹಿಂದೆ. ಲೋಹ ಒತ್ತಡಕ್ಕೆ ತುಸು ಬಗ್ಗಿ ಸುಧಾರಿಸಿಕೊಳ್ಳುತ್ತದೆ. ಪಿಂಗಾಣಿಗೆ ಬಗ್ಗುವುದು ಬಾರದು, ಸಣ್ಣದೊಂದು ದೋಷವಿದ್ದರೂ ಎಲ್ಲ ಬಲ ಅದರ ತುದಿಗೇ ಹೋಗಿ ಸೇರುತ್ತದೆ. 1960ರ ದಶಕದಲ್ಲಿ ಲೋಹದ ಮೇಲೆ ಪಿಂಗಾಣಿ ಬೇಯಿಸಿ ಕೂಡಿಸುವ ವಿಧಾನ ಬಂತು. ಇಂದಿಗೂ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಮೆಟಲ್ ಸೆರಾಮಿಕ್ ಕ್ಯಾಪ್ ಇದೇ. ಒಸಡು ಸ್ವಲ್ಪ ಸರಿದರೆ ಅಂಚಿನಲ್ಲಿ ಕಪ್ಪು ಗೆರೆಯಾಗಿ ಇಣುಕುವುದು ಒಳಗಿನ ಆ ಲೋಹ.

ಬಿರುಕಿಗೆ ತಾನೇ ಎದುರು ನಿಲ್ಲುವ ಸೆರಾಮಿಕ್ ಹೊರಬಂದದ್ದು ದಂತವೈದ್ಯರ ಬಳಿಯಿಂದಲ್ಲ. 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ ಎಂಬ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಜಿರ್ಕೋನಿಯಾ ಕುರಿತು ಬರೆದರು. 'ಸೆರಾಮಿಕ್ ಉಕ್ಕು?' ಎಂದು ಪ್ರಶ್ನೆಯ ರೂಪದಲ್ಲೇ ಇತ್ತು ಅದರ ಶೀರ್ಷಿಕೆ. ಜಿರ್ಕೋನಿಯಾ ಎಂದರೆ ಜಿರ್ಕೋನಿಯಂ ಧಾತುವಿನ ಆಕ್ಸೈಡ್. (ಕೈಗಾದ ರಿಯಾಕ್ಟರುಗಳಲ್ಲಿ ಯುರೇನಿಯಂ ಇಂಧನವನ್ನು ಹೊದ್ದಿರುವ ಕೊಳವೆಗಳೂ ಈ ಧಾತುವಿನ ಮಿಶ್ರಲೋಹದವೇ.) ಸುಮಾರು 1170 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಜಿರ್ಕೋನಿಯಾದ ಹರಳುಗಳಿಗೆ ಒಂದು ಜೋಡಣೆ, ತಣ್ಣಗಾದಾಗ ಮತ್ತೊಂದು. ಆ ಬದಲಾವಣೆಯಲ್ಲಿ ಹರಳು ನೂರಕ್ಕೆ ನಾಲ್ಕೈದು ಪಾಲು ಹಿಗ್ಗುತ್ತದೆ. ಹಾಗಾಗಿ ಶುದ್ಧ ಜಿರ್ಕೋನಿಯಾ ತಣಿಯುವಾಗ ತಾನೇ ಒಡೆದು ಹಾಳಾಗುತ್ತದೆ. ಸ್ವಲ್ಪ ಇಟ್ರಿಯಂ ಆಕ್ಸೈಡ್ ಬೆರೆಸಿದರೆ, ಬಿಸಿಯಲ್ಲಿದ್ದ ಜೋಡಣೆಯೇ ಬಾಯಿಯ ತಾಪದಲ್ಲೂ ಉಳಿಯುತ್ತದೆ.

ಈಗ ಬಿರುಕೊಂದು ಹೊರಟಿತೆನ್ನಿ. ಅದರ ತುದಿಯಲ್ಲಿ ಕೂಡಿದ ಒತ್ತಡ ಅಲ್ಲಿನ ಹರಳುಗಳನ್ನು ತಟ್ಟನೆ ತಣ್ಣಗಿನ ಆ ಇನ್ನೊಂದು ಜೋಡಣೆಗೆ ತಳ್ಳುತ್ತದೆ. ಹರಳುಗಳು ಹಿಗ್ಗುತ್ತವೆ, ಹಿಗ್ಗಲು ಜಾಗವಿಲ್ಲದೆ ಬಿರುಕನ್ನೇ ಎರಡೂ ಬದಿಯಿಂದ ಒತ್ತುತ್ತವೆ. ತನ್ನನ್ನು ಮುಚ್ಚುವ ಬಲವನ್ನು ಬಿರುಕು ತಾನೇ ಎಬ್ಬಿಸಿದಂತಾಯಿತು. ವಸ್ತುವಿಜ್ಞಾನದಲ್ಲಿ ಇಷ್ಟು ಸುಂದರವಾದ ವಿಚಾರ ನನಗೆ ಹೆಚ್ಚು ಕಂಡಿಲ್ಲ. ಇದೇ ಗುಣಕ್ಕೆ ಮತ್ತೊಂದು ಮುಖವೂ ಇದೆ. ತೇವದಲ್ಲಿ ಹರಳುಗಳು ಒತ್ತಡವಿಲ್ಲದೆಯೂ ನಿಧಾನಕ್ಕೆ ಬದಲಾಗಬಲ್ಲವು. ತಯಾರಿಕೆ ಹದ ತಪ್ಪಿದ್ದರಿಂದ ಸೊಂಟದ ಕೃತಕ ಕೀಲಿನ ಜಿರ್ಕೋನಿಯಾ ಗುಂಡುಗಳು ದೇಹದೊಳಗೇ ಒಡೆದು, 2001ರಲ್ಲಿ ಅವನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಹೆಚ್ಚು ಬೆಳಕು ಹಾಯಿಸುವ, ಸಹಜ ಹಲ್ಲಿನಂತೆ ಕಾಣುವ ಜಿರ್ಕೋನಿಯಾ ಬೇಕೆಂದರೆ ಇಟ್ರಿಯಂ ಹೆಚ್ಚಿಸುತ್ತಾರೆ. ಆಗ ಹರಳು ಬದಲಾಗುವ ಗುಣ ಕುಗ್ಗಿ, ಶಕ್ತಿಯೂ ಕುಗ್ಗುತ್ತದೆ.

ಪೂರ್ತಿ ಬೆಂದ ಜಿರ್ಕೋನಿಯಾವನ್ನು ಕಡೆಯುವುದು ಬಲು ಕಷ್ಟ. ಆದ್ದರಿಂದ ಲ್ಯಾಬಿನಲ್ಲಿ ಅರೆಬೆಂದ, ಸೀಮೆಸುಣ್ಣದಂಥ ಬಿಲ್ಲೆಯಿಂದ ಯಂತ್ರವು ಕ್ಯಾಪನ್ನು ಅಳತೆಗಿಂತ ಐದನೇ ಒಂದು ಪಾಲಿನಷ್ಟು ದೊಡ್ಡದಾಗಿ ಕೊರೆಯುತ್ತದೆ. ಸುಮಾರು 1500 ಡಿಗ್ರಿಯ ಕುಲುಮೆಯಲ್ಲಿ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ.

ಅಂಗಡಿಯ ಮಾತಿನಲ್ಲಿ ಕ್ಯಾಪಿಗೆ ಹತ್ತು ವರ್ಷ, ಹದಿನೈದು ವರ್ಷ ವಾರಂಟಿ. ಕ್ಯಾಪ್ ಒಡೆಯದು ಎಂಬ ವಾರಂಟಿ ಅದು, ಹಲ್ಲು ಹುಳುಕಾಗದು ಎಂದಲ್ಲ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಅದರ ಅಂಚು ಹಲ್ಲನ್ನು ಸೇರುವ ಗೆರೆಯಲ್ಲಿ, ಒಸಡಿನ ಪಕ್ಕದಲ್ಲೇ, ಹಲ್ಲಿಗೆ ಮತ್ತೆ ಹಿಡಿಯುತ್ತದೆ. ನರವಿಲ್ಲದ ಹಲ್ಲಾದರೆ ಅದೂ ನೋಯದೆ ಬೆಳೆಯುತ್ತದೆ. ಹೀಗಾಗಿ ಕ್ಯಾಪ್ ಹಾಕಿಸಿಕೊಂಡವರು ಹೆಚ್ಚು ಜತನದಿಂದ ಉಜ್ಜಬೇಕಾದ್ದು ಆ ಗೆರೆಯನ್ನು, ಹಲ್ಲುಸಂದಿಗೆ ದಾರ ಹಾಯಿಸುವುದನ್ನು ಬಿಡಬಾರದು.

ಇನ್ನೊಂದು ಮಾತು ಹೇಳಲೇಬೇಕು. ಪೂರ್ತಿ ಕ್ಯಾಪ್ ಕೂರಿಸಲು ಹಲ್ಲಿನ ಹೊರಕಾಣುವ ಭಾಗದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ಸವೆಸಿ ತೆಗೆಯಬೇಕಾಗಬಹುದು. ಸವೆಸಿದ್ದು ಮತ್ತೆ ಬೆಳೆಯದು. ಸೀಳುವ ಅಪಾಯದಲ್ಲಿರುವ ಹಲ್ಲಿಗೆ ಇದು ಒಪ್ಪಬೇಕಾದ ಬೆಲೆ. ನಗು ಚೆಂದ ಕಾಣಲೆಂದು ಗಟ್ಟಿಮುಟ್ಟಾದ ಹಲ್ಲುಗಳನ್ನು ಸಾಲಾಗಿ ಸವೆಸುವುದನ್ನು ನಾನು ಒಪ್ಪಲಾರೆ. ಹಲ್ಲು ಸಾಕಷ್ಟು ಉಳಿದಿದ್ದರೆ, ಮೇಲಿನ ಉಬ್ಬುಗಳನ್ನಷ್ಟೇ ಮುಚ್ಚುವ ಆನ್‌ಲೇ ಎಂಬ ಅರೆಕ್ಯಾಪ್ ಸಾಲುತ್ತದೆ. ಸವೆಸುವ ಮೊದಲೇ, ತಮ್ಮ ಹಲ್ಲಿಗೆ ಅದು ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.